ರಗ್ಗಿನ ಚೀಟಿಯಲ್ಲಿ ಯಾರ ಹೆಸರಿರಬೇಕು?

ಯುದ್ಧ ಕಂಡ ಊರಿನ ಹುಡುಗ ಹುಡುಗಿಯರು ನೇಯ್ದ ರಗ್ಗು ಮಾರುವಾಗ, ಅವರ ಯುದ್ಧದ ಕಥೆಯನ್ನೂ ಜೊತೆಗೆ ಮಾರಬೇಕಾ? ಬೇಡ ಅನ್ನೋದು ನನ್ನ ಅನಿಸಿಕೆ. ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಈಗ ಇರೋದು ಉಗಾಂಡಾದ ಕಂಪಾಲಾದಲ್ಲಿ. ಕೆಲಸದ ಮೇಲೆ ಆಗಾಗ ಉತ್ತರದ ಗುಲು ಊರಿಗೆ ಹೋಗುತ್ತೇನೆ. ಕರುಮಾ ಬಳಿ ನೈಲ್ ನದಿ ದಾಟಿದರೆ ಅಚೋಲಿ ಜನರ ಸೀಮೆ ಶುರು.

ಈಗ ನೋಡಿದರೆ ಗುಲು ಗಿಜಿಗುಡುವ ಪೇಟೆ. ಆದರೆ 1987ರಿಂದ 2006ರವರೆಗೆ ಜೋಸೆಫ್ ಕೋನಿಯ ಎಲ್‌ಆರ್‌ಎ (ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ) ಬಂಡುಕೋರರು ಈ ಸೀಮೆಯನ್ನು ನಿದ್ದೆ ಮಾಡಲು ಬಿಡಲಿಲ್ಲ. 20 ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ಎಳೆದುಕೊಂಡು ಹೋದರು. ಹುಡುಗರ ಕೈಗೆ ಬಂದೂಕು ಕೊಟ್ಟರು. ಹುಡುಗಿಯರನ್ನು ಕಮಾಂಡರ್‌ಗಳಿಗೆ ಹಂಚಿದರು. ಕತ್ತಲಾಗುವ ಮುಂಚೆ ಹಳ್ಳಿಯ ಮಕ್ಕಳು ಚಾಪೆ ಸುತ್ತಿಕೊಂಡು ಪೇಟೆಗೆ ನಡೆದು ಬಂದು, ಬಸ್‌ಸ್ಟ್ಯಾಂಡು, ಚರ್ಚು, ಆಸ್ಪತ್ರೆಯ ಜಗಲಿಗಳಲ್ಲಿ ಮಲಗುತ್ತಿದ್ದರು. ಕಾಡಿನಲ್ಲಿ ಉಳಿದವರಿಗೆ ಗುಲುವಿನ ಮೆಗಾ ಎಫ್‌ಎಂ ರೇಡಿಯೋ 'ಮನೆಗೆ ಬನ್ನಿ' ಅಂತ ಕಾರ್ಯಕ್ರಮವನ್ನೇ ಮಾಡಿತು. ಎಷ್ಟೋ ಜನ ಬಂದರು. ಬಂದ ಮೇಲೆ ಊಟಕ್ಕೆ ಏನು ಮಾಡೋದು? ಹೊಲಿಗೆ, ಮರಗೆಲಸ, ನೇಯ್ಗೆ ಕಲಿಸುವ ಕೇಂದ್ರಗಳು ಹುಟ್ಟಿಕೊಂಡದ್ದು ಹಾಗೆ.

ನಾನು ನೋಡಿದ್ದು ಅಂಥ ಒಂದು ನೇಯ್ಗೆ ಶೆಡ್ಡು. ಚಿತ್ರ ಬರೆದವರು ಕಂಪಾಲಾದ ಒಬ್ಬ ಕಲಾವಿದರು. ಆ ಚಿತ್ರವನ್ನು ಚೌಕಳಿ ಕಾಗದಕ್ಕೆ ಇಳಿಸಿ ಮಗ್ಗದ ಹಿಂದೆ ಅಂಟಿಸಿದ್ದರು. ಕಾಗದದಲ್ಲಿ ಕೆಂಪು ಮತ್ತು ಕಪ್ಪಿನ ನಡುವೆ ಮೇಲಿಂದ ಕೆಳಗಿನವರೆಗೆ ನೆಟ್ಟಗಿನ ಗೆರೆ ಇತ್ತು. ಮಗ್ಗದ ಮೇಲೆ ನೋಡಿದರೆ ಅದು ಸಣ್ಣ ಸಣ್ಣ ಮೆಟ್ಟಿಲಾಗಿತ್ತು. ಯಾಕಮ್ಮಾ ಅಂತ ಕೇಳಿದೆ. ನೇಯುತ್ತಿದ್ದ ಹುಡುಗಿ ಮಾತಾಡದೆ ಎರಡು ಬೆರಳಿನಿಂದ ಹಾಸುನೂಲು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು, ಅಗಲಿಸಿ ತೋರಿಸಿದಳು. ಅಡ್ಡಕ್ಕೆ ಹೋಗುವ ಎರಡು ಬಣ್ಣದ ಹೊಕ್ಕುನೂಲು ಒಂದೇ ಜಾಗದಲ್ಲಿ ಬಂದು ಬಂದು ಹಿಂದಕ್ಕೆ ತಿರುಗಿದರೆ ನಡುವೆ ಸೀಳು ಬಿಡುತ್ತದೆ. ಕಾಲಿಟ್ಟಾಗ ಅಲ್ಲೇ ಹರಿಯುತ್ತದೆ. ಅದಕ್ಕೇ ನಾಲ್ಕು ಸಾಲಿಗೊಮ್ಮೆ ಒಂದೆಳೆ ಪಕ್ಕಕ್ಕೆ ಸರಿಸುತ್ತಾ ಹೋಗಿದ್ದಳು. ಆ ಮೆಟ್ಟಿಲಂಚೇ ರಗ್ಗಿನಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು. ಕಲಾವಿದರು ಬರೆದದ್ದಲ್ಲ ಅದು.

ಮಾರಾಟದ ಚೀಟಿ ನೋಡಿದರೆ ಕಲಾವಿದರ ಹೆಸರು ದಪ್ಪ ಅಕ್ಷರದಲ್ಲಿತ್ತು. ಕೆಳಗೆ, ಇದನ್ನು ನೇಯ್ದವರು ಯುದ್ಧದಲ್ಲಿ ಅಪಹರಣಕ್ಕೊಳಗಾದವರು, ಅವರಿಗೆ ಹುಟ್ಟಿದ ಮಕ್ಕಳು ಅಂತ ನಾಲ್ಕು ಸಾಲು. ನೇಯ್ದವಳ ಹೆಸರಿಲ್ಲ.

ಆ ನಾಲ್ಕು ಸಾಲಿನ ಭಾರ ದೂರದ ಗಿರಾಕಿಗೆ ಗೊತ್ತಾಗೋದು ಕಷ್ಟ. ಕಾಡಿನಿಂದ ಬಂದವರು ಅನ್ನೋದು ಅಚೋಲಿ ಊರುಗಳಲ್ಲಿ ಇವತ್ತಿಗೂ ಬೈಗುಳವೇ. ಮದುವೆಗೆ, ಬಾಡಿಗೆ ಮನೆಗೆ ಅಡ್ಡ ಬರುತ್ತದೆ ಅಂತ ಎಷ್ಟೋ ಜನ ಬಚ್ಚಿಡುತ್ತಾರೆ. ಇಲ್ಲಿ ಜಮೀನು ಅಪ್ಪನ ಕುಲದಿಂದ ಬರೋದು. ಸೆರೆಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಅಪ್ಪನ ಕುಲ ಯಾವುದೆಂದೇ ಗೊತ್ತಿಲ್ಲ, ಅಮ್ಮನ ತವರಿನಲ್ಲೂ ಸರಿಯಾಗಿ ಸೇರಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಮುಚ್ಚಿಡುವ ವಿಷಯವನ್ನು ಇಲ್ಲಿ ಚೀಟಿ ಮಾಡಿ ಕಟ್ಟಿದರೆ ಹೇಗೆ?

ನಮ್ಮಲ್ಲಿ ಇದರ ಉಲ್ಟಾ ಕಥೆ. ನವಲಗುಂದದ ಜಮಖಾನೆಗೆ 2011ರಲ್ಲಿ ಜಿಐ, ಅಂದರೆ ಇದು ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು, ಕಬ್ಬಿಣದ ಪಂಜದಿಂದ ಬಡಿದು ಬಡಿದು ನೇಯುವವರೆಲ್ಲ ಹೆಂಗಸರು. ನವಿಲು, ಚೌಕಾಬಾರದ ಮನೆ ಎಲ್ಲ ಅವರ ತಲೆಯಲ್ಲೇ ಇರುತ್ತವೆ. ಅವರ ಕಷ್ಟ ಯಾರೂ ಮಾರುವುದಿಲ್ಲ ನಿಜ, ಆದರೆ ಹೆಸರನ್ನೂ ಯಾರೂ ಕೇಳುವುದಿಲ್ಲ. ಮದುವೆ ಮನೆಯಲ್ಲಿ ಹಾಸಿ ಕೂರುತ್ತೇವೆ, ಸುತ್ತಿ ಅಟ್ಟಕ್ಕೆ ಹಾಕುತ್ತೇವೆ, ಅಷ್ಟೇ. ಕರುಣೆಯೂ ಇಲ್ಲ, ಮರ್ಯಾದೆಯೂ ಇಲ್ಲ. ಭಾರತದಲ್ಲಿ ರಗ್ಗು ಮತ್ತು ಎಳೆಯರು ಅಂದ ಕೂಡಲೇ ನೆನಪಾಗೋದು ಉತ್ತರ ಪ್ರದೇಶದ ಭದೋಹಿ-ಮಿರ್ಜಾಪುರದ ಬಾಲಕಾರ್ಮಿಕರು. ಅಲ್ಲಿ ಮಕ್ಕಳನ್ನು ಮಗ್ಗದಿಂದ ಎಬ್ಬಿಸಲು ಕೈಲಾಶ್ ಸತ್ಯಾರ್ಥಿಯಂಥವರು ಹೋರಾಡಬೇಕಾಯಿತು. ಗುಲುವಿನಲ್ಲಿ ಮಗ್ಗಕ್ಕೆ ಕೂತವರು ವಯಸ್ಸಿಗೆ ಬಂದವರು, ತಾವಾಗಿ ಬಂದವರು. ಅದು ಸಮಾಧಾನ.

ಹಾಗಾದರೆ ಸರಿಯಾದ ದಾರಿ ಎಲ್ಲೂ ಇಲ್ಲವಾ? ಆಫ್ರಿಕಾದಲ್ಲೇ ಇದೆ. ದಕ್ಷಿಣ ಆಫ್ರಿಕಾದ ಜುಲು ಸೀಮೆಯ ರಾರ್ಕ್ಸ್ ಡ್ರಿಫ್ಟ್‌ನಲ್ಲಿ, ವರ್ಣಭೇದದ ಕೆಟ್ಟ ಕಾಲದಲ್ಲಿ, 1960ರ ದಶಕದ ಶುರುವಿನಲ್ಲಿ ಸ್ವೀಡನ್ನಿನ ಪೇಡರ್ ಮತ್ತು ಉಲ್ಲಾ ಗೊವೇನಿಯಸ್ ದಂಪತಿ ಒಂದು ನೇಯ್ಗೆ ಕೇಂದ್ರ ಕಟ್ಟಿದರು. ಬೇರೆಯವರ ಚಿತ್ರ ನಕಲು ಮಾಡಿಸುವ ಬದಲು, ನೇಯುವ ಹೆಂಗಸರೇ ಮಗ್ಗದ ಮೇಲೆ ಕಥೆ ಕಟ್ಟಲಿ ಅಂತ ಬಿಟ್ಟರು. ಅಲ್ಲಿದ್ದ ಅಲೀನಾ ಎನ್‌ಡೆಬೆಲೆ ಮುಂದೆ ತಮ್ಮ ಹೆಸರಿನಲ್ಲೇ ಕಲಾವಿದೆ ಅನಿಸಿಕೊಂಡರು. ಅಜ್ಜಿ ಹೇಳಿದ ಕಥೆಗಳು ಅವರ ನೇಯ್ಗೆಯಲ್ಲಿ ಬಂದವು. ಏನು ಹೇಳಬೇಕು, ಏನು ಬಿಡಬೇಕು ಅನ್ನೋದು ಅವರ ಕೈಯಲ್ಲೇ ಇತ್ತು.

ಇದನ್ನು ಗುಲುವಿನ ಮ್ಯಾನೇಜರ್ ಹತ್ತಿರ ಹೇಳಿದೆ. ಆತ ನೇರವಾಗಿಯೇ ಹೇಳಿದ, 'ಕಥೆ ತೆಗೆದರೆ ಯೂರೋಪಿನಲ್ಲಿ ಈ ಬೆಲೆ ಸಿಗಲ್ಲ. ಸಂಬಳ ನೀವು ಕೊಡ್ತೀರಾ?' ತೂಕದ ಮಾತೇ. ಹೊಟ್ಟೆಪಾಡಿನ ಮುಂದೆ ನನ್ನ ನೀತಿಪಾಠಕ್ಕೆ ಏನು ಬೆಲೆ? ಆದರೆ ಕನಿಕರಕ್ಕೆ ಕೊಂಡವರು ಒಂದು ಸಲ ಕೊಳ್ಳುತ್ತಾರೆ. ಮರುವರ್ಷ ಅವರ ಕನಿಕರ ಬೇರೆ ದೇಶಕ್ಕೆ ಹೋಗಿರುತ್ತದೆ. ಈ ಯುದ್ಧ ನಿಂತು ಎಷ್ಟೋ ವರ್ಷವಾಯಿತು. ಆಗ ಓಡಿ ಬಂದ ಮಕ್ಕಳಿಗೆ ಈಗ ಮೂವತ್ತು, ನಲವತ್ತು. ಈ ಚೀಟಿ ಇನ್ನೆಷ್ಟು ದಿನ ಓಡೀತು?

ಗಿರಾಕಿ ಹತ್ತಿರದಲ್ಲೇ ಇದ್ದಾರೆ. ಉತ್ತರ ಉಗಾಂಡಾದಲ್ಲಿ ಹತ್ತಿ ಬೆಳೆಯುತ್ತದೆ, ಆದರೆ ದೇಶದ ಹತ್ತಿ ಬಹುಪಾಲು ಅರಳೆಯಾಗಿಯೇ ಹೊರಗೆ ಹೋಗುತ್ತದೆ. ವಾಪಸ್ ಬರೋದು ಯಾರೋ ಉಟ್ಟು ಬಿಟ್ಟ ಬಟ್ಟೆಯ ಮೂಟೆ. ಮರ್ಚಿಸನ್ ಜಲಪಾತ ನೋಡಲು ಬರುವ ಪ್ರವಾಸಿಗರಿಗೆ ಅಲ್ಲಿ ಲಾಡ್ಜ್‌ಗಳಿವೆ. ಕಂಪಾಲಾದಲ್ಲಿ ಹೋಟೆಲ್‌ಗಳಿವೆ, ಅದರಲ್ಲಿ ಕೆಲವು ನಮ್ಮ ಭಾರತೀಯರದ್ದೇ. ಅವರಿಗೆ ಯಾರ ದುಃಖವೂ ಬೇಕಿಲ್ಲ. ಒಂದೇ ಅಳತೆಯ, ಬಣ್ಣ ಬಿಡದ ರಗ್ಗುಗಳು ಹೇಳಿದ ತಾರೀಕಿಗೆ ಬೇಕು. ಮ್ಯಾನೇಜರ್ ಮೊದಲು ಅಂಥ ಒಂದು ಆರ್ಡರ್ ಹಿಡಿಯಲಿ, ಚೀಟಿಯಲ್ಲಿ ಕಲಾವಿದರ ಹೆಸರಿನ ಪಕ್ಕ ನೇಯ್ದವರ ಹೆಸರು ಹಾಕಲಿ. ಅದೂ ಅವರನ್ನು ಕೇಳಿಯೇ. ಬೇಡ ಅಂದರೆ ಅದನ್ನೂ ಬಿಡಲಿ.