ಬಿಡುಗಡೆಯಾದ ಪುಸ್ತಕ, ಬಿಚ್ಚದ ಪುಟ

ನಮ್ಮ ಕಾಸರಗೋಡಿನಲ್ಲಿ ಒಂದು ಕನ್ನಡ ಪುಸ್ತಕದ ಆಯುಷ್ಯ ಹೆಚ್ಚೆಂದರೆ ಒಂದೂವರೆ ಗಂಟೆ. ಬಣ್ಣದ ಕಾಗದ ಬಿಚ್ಚುವಾಗ ಹುಟ್ಟುತ್ತದೆ, ಧನ್ಯವಾದ ಹೇಳುವಾಗ ಕಣ್ಣು ಮುಚ್ಚುತ್ತದೆ. ಆಮೇಲೆ ಕಪಾಟು.

ಹುಟ್ಟಿದ ಗಳಿಗೆಯ ಸಂಭ್ರಮಕ್ಕೇನೂ ಕೊರತೆ ಇಲ್ಲ. ಮಂಜೇಶ್ವರವಾಗಲಿ, ಕುಂಬಳೆಯಾಗಲಿ, ಬದಿಯಡ್ಕವಾಗಲಿ, ಹತ್ತು ಗಂಟೆಯ ಕಾರ್ಯಕ್ರಮ ಹನ್ನೊಂದಕ್ಕೆ ಸರಿಯಾಗಿ ಶುರುವಾಗುತ್ತದೆ. ವೇದಿಕೆ ತುಂಬ ಅತಿಥಿಗಳು. ಎದುರಿಗೆ ಅವರನ್ನು ಕರೆದುಕೊಂಡು ಬಂದ ಡ್ರೈವರುಗಳು, ಲೇಖಕರ ನೆಂಟರು. ಉದ್ಘಾಟಕರಿಗೆ ಸೆಲ್ಲೋಟೇಪಿನ ತುದಿ ಸಿಗುವುದಿಲ್ಲ. ಅಧ್ಯಕ್ಷರು ಉಗುರು ಹಾಕಿ ಸಹಾಯ ಮಾಡುತ್ತಾರೆ. ಫೋಟೋದವನು "ಸಾರ್, ಸ್ವಲ್ಪ ಮೇಲೆ ಹಿಡೀರಿ, ಎಲ್ರೂ ಈ ಕಡೆ ನೋಡಿ" ಅನ್ನುತ್ತಾನೆ. ಎಲ್ಲರೂ ಪುಸ್ತಕವನ್ನು ಎದೆಗೆ ಹಿಡಿದು ಕ್ಯಾಮೆರಾ ನೋಡುತ್ತಾರೆ. ಪುಸ್ತಕವನ್ನು ಯಾರೂ ನೋಡುವುದಿಲ್ಲ. ಕೃತಿ ಪರಿಚಯ ಮಾಡುವವರು "ಪುಸ್ತಕ ನಿನ್ನೆ ರಾತ್ರಿಯಷ್ಟೇ ಕೈಸೇರಿತು" ಎಂದು ಶುರುಮಾಡಿ, ಮುಕ್ಕಾಲು ಗಂಟೆ ಗಡಿನಾಡ ಕನ್ನಡಿಗರ ಕಷ್ಟ ಹೇಳಿ ಕೂರುತ್ತಾರೆ. ಓದಿ ಮಾತಾಡುವುದು ಯಾರಿಗಾದರೂ ಬರುತ್ತದೆ. ಓದದೆ ಮಾತಾಡಲು ವರ್ಷಗಟ್ಟಲೆ ಅಭ್ಯಾಸ ಬೇಕು.

ನಮ್ಮೂರಿನ ಮಾಸ್ಟ್ರು ಈ ಅಭ್ಯಾಸದಲ್ಲಿ ಎಲ್ಲರಿಗಿಂತ ಹಿರಿಯರು. ಅವರ ಚಾವಡಿಯಲ್ಲಿ ಗೋಡೆ ಉದ್ದಕ್ಕೂ ಗಾಜಿನ ಕಪಾಟು. ಬಾಗಿಲು ತೆಗೆದರೆ ಮೊದಲು ನುಸಿಗುಳಿಗೆಯ ವಾಸನೆ, ಆಮೇಲೆ ಬೂಷ್ಟಿನದ್ದು. ಮೊನ್ನೆ ಒಂದು ಹಳೆಯ ಕವನ ಸಂಕಲನ ಎಳೆದೆ. ಮುನ್ನುಡಿ ಮಾಸ್ಟ್ರದ್ದೇ. ಮುನ್ನುಡಿ ಮುಗಿದಲ್ಲಿಗೆ ಪುಟಗಳು ತಿರುಗಲಿಲ್ಲ. ಬೈಂಡಿಂಗಿನವನು ಅಂಚು ಕತ್ತರಿಸಿರಲಿಲ್ಲ, ಹಾಳೆಗಳು ಮೇಲ್ಗಡೆ ಜೋಡಿಕೊಂಡೇ ಇದ್ದವು. ಅಂದರೆ ಪುಸ್ತಕ ಬಂದ ದಿನದಿಂದ ಯಾರೂ ಬ್ಲೇಡು ಹಾಕಿಲ್ಲ.

"ಮಾಸ್ಟ್ರೇ, ಇದನ್ನು ನೀವು ಓದಿಲ್ವಾ?"

"ಮುನ್ನುಡಿ ಬರೆಯಲು ಹಸ್ತಪ್ರತಿ ಕೊಟ್ಟಿದ್ರು."

"ಅದನ್ನು ಓದಿದ್ರಾ?"

"ಅದೂ ಇಲ್ಲೇ ಎಲ್ಲೋ ಇರಬೇಕು."

ಓದಲು ಮನಸ್ಸಿಲ್ಲ ಎಂದಲ್ಲ. ಪುರುಸೊತ್ತಿಲ್ಲ. ಒಂದು ವಾರ ಬಿಡುಗಡೆ, ಇನ್ನೊಂದು ವಾರ ಸನ್ಮಾನ, ಮತ್ತೊಂದು ವಾರ ಪುಸ್ತಕ ಓದುವ ಹವ್ಯಾಸ ಕಡಿಮೆಯಾಗುತ್ತಿರುವ ಬಗ್ಗೆ ವಿಚಾರ ಸಂಕಿರಣ. ಪ್ರತಿ ಸಲವೂ ಕೈಯಲ್ಲಿ ಎರಡು ಹೊಸ ಪುಸ್ತಕ ಹಿಡಿದೇ ಮನೆಗೆ ಬರುತ್ತಾರೆ.

ಈ ರೋಗಕ್ಕೆ ಗಡಿಯಾಚೆಯಿಂದ ಸರ್ಕಾರಿ ಗಾಳಿಯೂ ಬೀಸಿತು. 2021ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಹೊರಡಿಸಿತು. ಆದೇಶ ಅಲ್ಲಿನದ್ದು, ನಮಗೆ ಅನ್ವಯ ಇಲ್ಲ. ಆದರೂ ಕನ್ನಡದ ಮೇಲಿನ ಪ್ರೀತಿಯಿಂದ ಅರ್ಧ ಒಪ್ಪಿಕೊಂಡೆವು. ಶಾಲು ಬಿಡಲಿಲ್ಲ, ಪುಸ್ತಕ ಸೇರಿಸಿದೆವು. ಹಾರವಾದರೆ ಸಂಜೆಗೆ ಬಾಡುತ್ತದೆ, ತೆಂಗಿನ ಬುಡಕ್ಕೆ ಹಾಕಬಹುದು. ಪುಸ್ತಕ ಸರಸ್ವತಿ. ಎಸೆಯುವಂತಿಲ್ಲ, ಓದುವಂತೆಯೂ ಇಲ್ಲ. ಉಳಿದ ದಾರಿ ಒಂದೇ, ದಾಟಿಸುವುದು. ಮಾಸ್ಟ್ರ ಕಪಾಟಿನಲ್ಲೇ ಅಂಥದ್ದೊಂದು ಸಿಕ್ಕಿತು. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ "ನವದಂಪತಿಗಳಿಗೆ ಪ್ರೀತಿಯಿಂದ". ಕೆಳಗೆ ಕಪ್ಪು ಶಾಯಿಯಲ್ಲಿ "ಗೃಹಪ್ರವೇಶದ ಶುಭಾಶಯಗಳು". ಅದರ ಕೆಳಗೆ ಹಸಿರಿನಲ್ಲಿ "ನಿವೃತ್ತಿ ಜೀವನ ಸುಖಮಯವಾಗಲಿ". ಪುಸ್ತಕದ ವಿಷಯ, ಹಸುಗಳಿಗೆ ಬರುವ ಕಾಯಿಲೆಗಳು.

ಕೇರಳದವರೂ ಸುಮ್ನೆ ಕೂತಿಲ್ಲ. ಊರೂರಿಗೆ ಗ್ರಂಥಾಲಯ ಹಬ್ಬಿಸಿದ ಪಿ. ಎನ್. ಪಣಿಕ್ಕರ್ ತೀರಿಕೊಂಡದ್ದು 1995ರ ಜೂನ್ 19. ಆ ದಿನವೇ ಇಲ್ಲಿ ವಾಚನಾ ದಿನ. ಹೊರಗೆ ಜಡಿಮಳೆ, ಒಳಗೆ ಮಕ್ಕಳು ಕೈ ಚಾಚಿ ಓದುತ್ತೇವೆ ಎಂದು ಪ್ರತಿಜ್ಞೆ ಮಾಡುತ್ತಾರೆ. ಕಪಾಟಿನ ಬೀಗದ ಕೈ ಹುಡುಕಿ ತಂದು, ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಪ್ರದರ್ಶನ ಮಾಡುತ್ತಾರೆ. ಪಕ್ಕದಲ್ಲಿ ಒಂದು ಚೀಟಿ: "ಮುಟ್ಟಬಾರದು".

ಮಕ್ಕಳನ್ನು ಅಂದು ಏನು ಪ್ರಯೋಜನ? ಗೋವಿಂದ ಪೈಗಳು ಮಂಜೇಶ್ವರದ ಮನೆಯಲ್ಲಿ ಕೂತು ರಾಶಿ ರಾಶಿ ಓದಿದರು, ಹತ್ತಾರು ಭಾಷೆ ಕಲಿತರು. ನಮ್ಮ ಪಾಲಿನದ್ದನ್ನೂ ಅವರೇ ಓದಿ ಮುಗಿಸಿದ್ದಾರೆ ಎಂಬ ನೆಮ್ಮದಿಯಲ್ಲಿ ಅವರ ಫೋಟೋಗೆ ಹಾರ ಹಾಕುತ್ತೇವೆ.

ನಮ್ಮ ಕಡೆಯ ಅತಿ ದೊಡ್ಡ ಓದದ ಪುಸ್ತಕ ಯಾವುದು ಗೊತ್ತಾ? ಮಹಾಜನ ವರದಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳದ ಪಾಲಾಯಿತು. ರಾಜ್ಯಗಳ ಗಡಿ ತಗಾದೆ ತೀರಿಸಲು ದಿಲ್ಲಿಯವರು ನೇಮಿಸಿದ ಮಹಾಜನ ಆಯೋಗ 1967ರಲ್ಲಿ, ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು. ಈ ಒಂದು ಸಾಲನ್ನು ಇಲ್ಲಿ ಯಾರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಮುಂದಿನ ಸಾಲು ಕೇಳಬೇಡಿ. ವರದಿ ಪೂರ್ತಿ ಜಾರಿಯಾಗಲಿ ಎಂದು ಸಮ್ಮೇಳನದಲ್ಲಿ ಗುಡುಗಿದ ಒಬ್ಬರಿಗೆ, ಅದೇ ವರದಿಯಲ್ಲಿ ಕರ್ನಾಟಕದ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕು ಎಂದೂ ಇದೆಯಲ್ಲ ಅಂದೆ. "ಅದು ಯಾವ ಪುಟದಲ್ಲಿ?" ಎಂದು ನನ್ನ ಮೇಲೆಯೇ ರೇಗಿದರು. ದಿಲ್ಲಿಯವರು ವರದಿಯನ್ನು ಕಪಾಟಿಗೆ ಹಾಕಿದರು, ನಾವು ಭಾಷಣಕ್ಕೆ ಹಾಕಿಕೊಂಡೆವು. ಓದಿದ್ದು ಎರಡೂ ಕಡೆ ಅಷ್ಟಕ್ಕಷ್ಟೆ.

ಹಾಗಾಗಿ ನಮ್ಮ ಸಮಿತಿಯಲ್ಲಿ ಒಂದು ಸಲಹೆ ಇಟ್ಟೆ. ಒಂದು ವರ್ಷ ಹೊಸ ಬಿಡುಗಡೆ ಬೇಡ. ಪ್ರತಿಯೊಬ್ಬರೂ ಅವರವರ ಮನೆ ಕಪಾಟಿನಿಂದ ಓದದ ಒಂದು ಪುಸ್ತಕ ತರುವುದು, ಕೂತು ಓದುವುದು, ಎದ್ದು ಹೋಗುವುದು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಓದುವುದಾ? ಎಲ್ಲರ ಎದುರಿಗಾ?" ಅಂದರು ಕೋಶಾಧಿಕಾರಿ.

"ಎಲ್ರೂ ಓದ್ತಾ ಕೂತರೆ ಅತಿಥಿಗಳು ಏನು ಮಾಡುವುದು?" ಇದು ಕಾರ್ಯದರ್ಶಿಯ ಚಿಂತೆ. ನ್ಯಾಯವಾದದ್ದೇ.

ಮಾಸ್ಟ್ರು ಮಾತ್ರ ಬೆಂಬಲಕ್ಕೆ ನಿಂತರು. ಅದೇ ಕವನ ಸಂಕಲನ ತರುತ್ತಾರಂತೆ. ದೀಪ ಬೆಳಗುವ ಬದಲು ಅದರ ಅಂಟಿದ ಪುಟ ಕತ್ತರಿಸಿಯೇ ಉದ್ಘಾಟನೆ. ಬ್ಲೇಡನ್ನು ಹರಿವಾಣದಲ್ಲಿ ಇಟ್ಟು ತರಲು ಇಬ್ಬರು ಹುಡುಗಿಯರು. ಸ್ವಾಗತ, ಪ್ರಸ್ತಾವನೆ, ಶುಭಾಶಂಸನೆ, ಸನ್ಮಾನ ಎಲ್ಲ ಸೇರಿಸಿ, ಕೊನೆಗೆ ಸಮಯ ಉಳಿದರೆ ಓದು ಎಂದು ಕಾರ್ಯಕ್ರಮ ಪಟ್ಟಿ ತಯಾರಾಯಿತು.

ಎಲ್ಲ ಮುಗಿದು ಚಹಾ ಬರುವಾಗ ಯಾರೋ ನೆನಪು ಮಾಡಿದರು, ಇಷ್ಟು ದೊಡ್ಡ ಕಾರ್ಯಕ್ರಮಕ್ಕೆ ಒಂದು ಸ್ಮರಣ ಸಂಚಿಕೆ ಬೇಡವಾ? ಬೇಕೇ ಬೇಕು ಎಂದಾಯಿತು. ಐನೂರು ಪ್ರತಿ, ಮುನ್ನುಡಿ ಮಾಸ್ಟ್ರದ್ದು. ಹಿಂಬದಿ ರಕ್ಷಾಪುಟ ಅಡಿಕೆ ಅಂಗಡಿಯವರು ಹಿಡಿದಾಗಿದೆ. ಒಳಪುಟಗಳು ಇನ್ನೂ ಖಾಲಿ ಇವೆ. ಜಾಹೀರಾತು ಕೊಡುವವರು ಕಾರ್ಯದರ್ಶಿಯನ್ನು ಬೇಗ ಕಾಣಬೇಕು.