ಲಟ್ಟಣಿಗೆ ಮತ್ತು ಕಿಟಕಿ

ಇಂಗ್ಲೆಂಡಿನ ಬಾತ್ ಊರಿನಲ್ಲಿ ಮಗಳು ಬಾಡಿಗೆಗಿರುವ ಈ ಹಳೇ ಮನೆಯಲ್ಲಿ ಚಪಾತಿ ಮಾಡಬೇಕೆಂದರೆ ಮೊದಲು ಕಿಟಕಿ ಮುಚ್ಚಬೇಕು.

ಯಾಕೆಂದರೆ ಲಟ್ಟಣಿಗೆ ಕಿಟಕಿಯಲ್ಲಿದೆ. ಮೇಲಕ್ಕೆತ್ತಿ ತೆರೆಯುವ ಕಿಟಕಿ ಇದು. ಚೌಕಟ್ಟಿನೊಳಗೆ ಹಗ್ಗಕ್ಕೆ ತೂಕದ ಕಬ್ಬಿಣ ಕಟ್ಟಿ, ರಾಟೆಯ ಮೇಲಿಂದ ಇಳಿಬಿಟ್ಟಿರುತ್ತಾರೆ. ಹಗ್ಗ ನೆಟ್ಟಗಿದ್ದರೆ ಕಿಟಕಿ ಎತ್ತಿದಲ್ಲೇ ನಿಲ್ಲುತ್ತದೆ. ನಾನು ಬಂದ ಮೂರನೇ ದಿನವೇ ಹಗ್ಗ ಹರಿಯಿತು. ಕಬ್ಬಿಣ ಚೌಕಟ್ಟಿನೊಳಗೆ ದಡಾರನೆ ಬಿತ್ತು. ಕಿಟಕಿ ನನ್ನ ಬೆರಳನ್ನು ಸ್ವಲ್ಪದರಲ್ಲಿ ಬಿಟ್ಟಿತು. ಮಾಲೀಕರಿಗೆ ತಿಳಿಸಿದೆವು. "ನೋಡೋಣ" ಅಂದರು. ಐದು ವಾರದಿಂದ ನೋಡುತ್ತಲೇ ಇದ್ದಾರೆ.

ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ಕೊಂಡು, ಚಟ್ನಿಪುಡಿ ಡಬ್ಬಿಗಳ ನಡುವೆ ಸೂಟ್‌ಕೇಸಿನಲ್ಲಿ ತಂದ ಲಟ್ಟಣಿಗೆ ಅದು. ಎತ್ತಿದ ಕಿಟಕಿ ಬೀಳದಂತೆ ಅಡಿಯಲ್ಲಿ ನಿಲ್ಲಿಸಿದರೆ ಬೇಕಾದಷ್ಟೇ ಗಾಳಿ ಬರುತ್ತದೆ, ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ. ಇನ್ನೊಂದು ತಂದರಾಯ್ತು ಅಂತ ಅಳಿಯಂದಿರು ಇಲ್ಲಿನದೊಂದು ತಂದರು. ಅದು ಲಟ್ಟಣಿಗೆಯಲ್ಲ, ರೋಡ್ ರೋಲರ್. ಅದರಲ್ಲಿ ಲಟ್ಟಿಸಿದ ಚಪಾತಿ ಶ್ರೀಲಂಕಾದ ಆಕಾರಕ್ಕೆ ಬಂತು. ಕಿಟಕಿಗಾದರೂ ಆಗಲಿ ಎಂದು ನಿಲ್ಲಿಸಿದೆ. ಉದ್ದ ಜಾಸ್ತಿ, ರಾತ್ರಿಯಿಡೀ ಚಳಿ. ಅಡ್ಡ ಇಟ್ಟರೆ ಉರುಳಿಹೋಗುತ್ತದೆ. ಕೊನೆಗೆ ನನ್ನದೇ ಎರಡು ಪಾಳಿಯಲ್ಲಿ ದುಡಿಯುವಂತಾಯಿತು.

ತೊಂದರೆ ಏನೆಂದರೆ, ಅಡುಗೆಮನೆ ರಸ್ತೆಗಿಂತ ಕೆಳಗೆ, ನನ್ನ ಕೋಣೆ ಸೂರಿನಡಿ. ನಡುವೆ 46 ಮೆಟ್ಟಿಲು. ಮಹಡಿಗೆ ಎರಡೇ ಕೋಣೆ, ಮುಂದೊಂದು ಹಿಂದೊಂದು. ಮಿಕ್ಕಿದ್ದೆಲ್ಲ ಮೆಟ್ಟಿಲೇ. ಇನ್ನೂರು ಮುನ್ನೂರು ವರ್ಷದ ಹಿಂದೆ, ಜಾರ್ಜ್ ಎಂಬ ಹೆಸರಿನ ದೊರೆಗಳ ಕಾಲದಲ್ಲಿ ಅಡುಗೆ ಕೆಳಗೆ, ಕೆಲಸದವರ ಹಾಸಿಗೆ ಸೂರಿನಡಿ, ನಡುವಿನ ಎತ್ತರದ ಕೋಣೆಗಳು ಯಜಮಾನರಿಗೆ. ಮಗಳು ನನಗೆ ಯಾವ ಕೋಣೆ ಕೊಟ್ಟಿದ್ದಾಳೆ, ಯಾವ ಕೆಲಸ ಕೊಟ್ಟಿದ್ದಾಳೆ, ನೀವೇ ನೋಡಿ. ಕಲ್ಲಿದ್ದಲು ಮಾತ್ರ ಹೊರಿಸಿಲ್ಲ. ರಸ್ತೆಬದಿಯ ಕಾಲುದಾರಿಯಡಿ ಅದಕ್ಕೂ ಒಂದು ಗೂಡಿದೆ, ಈಗ ಸೈಕಲ್ ಇಟ್ಟಿದ್ದಾರೆ.

ಎದುರುಮನೆಯಲ್ಲಿ ಒಂದು ಕಿಟಕಿ ಇರಬೇಕಾದ ಜಾಗದಲ್ಲಿ ಬರೀ ಕಲ್ಲು. "1696ರಿಂದ 1851ರವರೆಗೆ ಕಿಟಕಿಗೂ ತೆರಿಗೆ ಇತ್ತಮ್ಮ, ಅದಕ್ಕೇ ಮುಚ್ಚಿದ್ದಾರೆ" ಎಂದಳು ಮಗಳು. ನನಗೆ ಬಹಳ ಹಿಡಿಸಿತು. ತೆರಿಗೆ ತಪ್ಪಿಸುವ ಜನ ಎಲ್ಲ ಕಡೆ ಒಂದೇ, ಅಲ್ವಾ? ಪಕ್ಕದ ಮನೆಯ ಮುದುಕರು ಅದನ್ನೂ ಹಾಳು ಮಾಡಿದರು. ತೆರಿಗೆಗೆ ಹೆದರಿ ಮುಚ್ಚಿದವರು ಇದ್ದರಂತೆ, ಆದರೆ ಇದು ಕಟ್ಟುವಾಗಲೇ ಹಾಗೆ. ಎಡಗಡೆ ಒಂದು ಕಿಟಕಿ ಇದ್ದರೆ ಬಲಗಡೆಯೂ ಇರಬೇಕು, ಒಳಗೆ ಗೋಡೆಯೇ ಅಡ್ಡ ಬಂದರೂ ಸರಿ.

ಈ ಬಾತ್ ಊರಿನ ಬುದ್ಧಿಯೇ ಹೀಗೆ. ರಾಯಲ್ ಕ್ರೆಸೆಂಟ್ ನೋಡಲು ಹೋಗಿದ್ದೆವು. 1767ರಿಂದ 1774ರ ನಡುವೆ ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ ಕಟ್ಟಿಸಿದ 30 ಮನೆಗಳು. ಮುಂದಿನಿಂದ ಒಂದೇ ಅರಮನೆಯ ಹಾಗೆ ಬಾಗಿ ನಿಂತಿವೆ. ಜನ ಫೋಟೋ ತೆಗೆಯುತ್ತಿದ್ದರು. ನಾನು ಹಿಂದಕ್ಕೆ ಹೋದೆ. ಅಲ್ಲಿ ಒಂದು ಎತ್ತರ, ಒಂದು ಗಿಡ್ಡ, ಒಂದು ಮುಂದೆ, ಒಂದು ಹಿಂದೆ. ಮುಂಭಾಗ ಮಾತ್ರ ಒಂದೇ ನಮೂನೆ, ಹಿಂದೆ ಅವರವರ ಇಷ್ಟ. ನಿಜ ಹೇಳಬೇಕೆಂದರೆ ಆ ಹಿಂಭಾಗವೇ ನನಗೆ ಇಷ್ಟವಾಯಿತು. ಫೋಟೋ ತೆಗಿ ಅಂದರೆ ಮಗಳು ತೆಗೆಯಲಿಲ್ಲ.

"ಎಂಥಾ ಕಳೆ ಇದೆ ಈ ಮನೆಗೆ!" ಅನ್ನುತ್ತಾರೆ ಬಂದವರೆಲ್ಲ. ಅವರೆಲ್ಲ ಲಿಫ್ಟ್ ಇರುವ ಕಡೆ ಇರುವವರು. ಕಳೆಯ ಬಗ್ಗೆ ನನಗೂ ಒಂದು ಮಾತು ಹೊಳೆದಿತ್ತು, ಅದನ್ನು ಬರೆಯೋಣ ಅಂತಲೇ ಈ ಕಿಟಕಿಯ ಹತ್ತಿರ ಕೂತದ್ದು.

"ಅಮ್ಮಾ, ಹಿಟ್ಟು ಕಲಸಿಟ್ಟಿದ್ದೀನಿ!"

ಬಂದೆ ಇರು. ಬೆರಳು ತೆಗೆದುಕೊಳ್ಳಬೇಕು, ಆಮೇಲೆ ಲಟ್ಟಣಿಗೆ.