ಕಿಟಕಿ ಗಾಜಿನ ಪಕ್ಷಪಾತ

ದುಬಾರಿ ಗಾಜು ಹಾಕಿಸಿದ ಮನೆಯನ್ನು ಗುರುತು ಹಿಡಿಯುವುದು ಸುಲಭ. ಅಲ್ಲಿ ಫೋನ್ ಬಂದವರೆಲ್ಲ ಬಾಲ್ಕನಿಗೆ ಓಡುತ್ತಾರೆ. ಸೋಫಾದ ಮೇಲಿಂದ ಹೊರಟ “ಹಲೋ” ಬಾಗಿಲ ಹತ್ತಿರ “ಕೇಳಿಸ್ತಿದ್ಯಾ?” ಆಗಿ, ಬಾಲ್ಕನಿಯ ಮೂಲೆಯಲ್ಲಿ “ಹಾಂ, ಈಗ ಹೇಳಿ” ಎಂದು ದಡ ಸೇರುತ್ತದೆ. ಬೈಗುಳವೆಲ್ಲ ಮೊಬೈಲ್ ಕಂಪನಿಗೆ. ಗಾಜು ಮಾತ್ರ ತನಗೇನೂ ಗೊತ್ತಿಲ್ಲದ ಹಾಗೆ ಫಳಫಳ ಹೊಳೆಯುತ್ತಿರುತ್ತದೆ.

ಕಳ್ಳ ಅದೇ. ಕಾವು ತಡೆಯುವ ಈ ‘ಲೋ-ಇ’ ಗಾಜಿನ ಮೈಮೇಲೆ ಬೆಳ್ಳಿಯ ಪದರವೊಂದು ಇರುತ್ತದೆ. ದಪ್ಪ ಸುಮಾರು 10 ನ್ಯಾನೋಮೀಟರ್. ತಲೆಗೂದಲನ್ನು ಐದಾರು ಸಾವಿರ ಪದರ ಸೀಳಿದರೆ ಸಿಗುವ ಒಂದು ಪದರದಷ್ಟು. ಕಣ್ಣಿಗೆ ಕಾಣುವ ಬೆಳಕು ಅದನ್ನು ಲೆಕ್ಕಕ್ಕೇ ಇಡದೆ ಒಳಗೆ ಬರುತ್ತದೆ. ಮೊಬೈಲಿನ ಅಲೆಗೆ ಮಾತ್ರ ಲೋಹ ಎಷ್ಟು ತೆಳ್ಳಗಿದ್ದರೂ ಲೋಹವೇ. ಸಿಗ್ನಲ್ ಅಲ್ಲಿ 20ರಿಂದ 30 ಡೆಸಿಬಲ್ ಸೊರಗುತ್ತದೆ. ಡೆಸಿಬಲ್ ಲೆಕ್ಕ ಕೇಳುವುದಕ್ಕೆ ಸಾಧುವಾಗಿರುತ್ತದೆ, ಅಷ್ಟೆ. 20 ಕಡಿಮೆಯಾಯಿತೆಂದರೆ ನೂರರಲ್ಲಿ ಒಂದು ಪಾಲು ಉಳಿಯಿತು ಎಂದರ್ಥ, 30 ಎಂದರೆ ಸಾವಿರದಲ್ಲಿ ಒಂದು. ಹೊಸ ಫೋನ್ ಕೊಂಡರೆ ಇದು ಸರಿಹೋಗುವುದಿಲ್ಲ. ಇರುವ ಫೋನಿನಲ್ಲೇ ವೈಫೈ ಕಾಲಿಂಗ್ ಆನ್ ಮಾಡಿಕೊಂಡರೆ ಮನೆಮಂದಿ ಬಾಲ್ಕನಿಯಿಂದ ಒಳಗೆ ಬರಬಹುದು.

ಲೇಪನ ಎಲ್ಲಿದೆ ಎಂದು ತಿಳಿಯಲು ಲೈಟರ್ ಸಾಕು. ಕತ್ತಲಾದ ಮೇಲೆ ಜೋಡಿ ಗಾಜಿನ (ಎರಡು ಗಾಜು, ನಡುವೆ ಗಾಳಿ) ಮುಂದೆ ಹಚ್ಚಿ, ಸ್ವಲ್ಪ ಓರೆಯಾಗಿ ನೋಡಿ. ಎರಡು ಗಾಜಿನ ನಾಲ್ಕು ಮೈಗೆ ಒಂದೊಂದರಂತೆ ಜ್ವಾಲೆಯ ನಾಲ್ಕು ಬಿಂಬ ಕಾಣುತ್ತವೆ, ಅವುಗಳಲ್ಲೊಂದರ ಬಣ್ಣ ಬೇರೆ. ಲೇಪನ ಇರುವುದು ಅಲ್ಲೇ. ಬಿಸಿಲು ತಡೆಯಲೆಂದು ಹಾಕಿಸಿದ್ದರೆ ಮನೆಯೊಳಗಿಂದ ಎಣಿಸಿದಾಗ ಅದು ಮೂರನೆಯದಾಗಿರಬೇಕು. ಎರಡನೆಯದಾಗಿದ್ದರೆ, ಕೂರಿಸಿದವರು ಗಾಜನ್ನು ತಿರುಗಾಮುರುಗಾ ಕೂರಿಸಿದ್ದಾರೆ ಎಂಬ ಅನುಮಾನಕ್ಕೆ ಜಾಗ ಇದೆ. (ಪರದೆಯನ್ನು ಮೊದಲು ಪಕ್ಕಕ್ಕೆ ಸರಿಸಿ. ಈ ಪರೀಕ್ಷೆಯಲ್ಲಿ ಗಾಜಿಗಿಂತ ಅದೇ ಬೇಗ ಫಲಿತಾಂಶ ಕೊಡುತ್ತದೆ.)

ಲೇಪನವಿಲ್ಲದ ಬಡ ಗಾಜಿಗೂ ಇಂಥ ಭೇದಭಾವ ಇದ್ದೇ ಇದೆ. ನಮ್ಮ ಮೈಯ ಶಾಖ ಹೊಮ್ಮುವುದು ಸುಮಾರು 10 ಮೈಕ್ರಾನ್ (ಅಂದರೆ 10,000 ನ್ಯಾನೋಮೀಟರ್) ತರಂಗಾಂತರದಲ್ಲಿ. ಆ ಅಲೆಗೆ ಗಾಜು ಎಂದರೆ ಗೋಡೆ. ಥರ್ಮಲ್ ಕ್ಯಾಮೆರಾ ಹಿಡಿದು ಕಿಟಕಿಯಾಚೆ ಯಾರಿದ್ದಾರೆಂದು ಪತ್ತೆ ಮಾಡಹೊರಟವರಿಗೆ ತೆರೆಯ ಮೇಲೆ ಮಸುಕಾಗಿ ಕಾಣುವ ಆ ಅಪರಿಚಿತ ತಾವೇ. ಮೈಶಾಖ ಗುರುತಿಸಿ ಕೂಗುವ ಕಳ್ಳಗಂಟೆಯನ್ನು ಕಿಟಕಿಯ ಒಳಗಿಟ್ಟು ಅಂಗಳಕ್ಕೆ ಮುಖ ಮಾಡಿಸಿದರೆ, ಕಳ್ಳ ಅದರೆದುರು ಕುಣಿದರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ. ಅದೇ ಟಿವಿ ರಿಮೋಟು ಬಳಸುವುದು ಸುಮಾರು 940 ನ್ಯಾನೋಮೀಟರಿನ ಅತಿಗೆಂಪು ಬೆಳಕು. ಸಾದಾ ಗಾಜನ್ನು ಅದು ಸಲೀಸಾಗಿ ದಾಟುತ್ತದೆ. ಪಕ್ಕದ ಮನೆಯವರ ಚಾನೆಲ್ ತಾನಾಗಿ ಬದಲಾದರೆ ದೆವ್ವದ ಮೇಲೆ ಹಾಕುವ ಮುನ್ನ ಎದುರಿನ ಕಿಟಕಿಯಲ್ಲಿ ಮಕ್ಕಳಿದ್ದಾರಾ ನೋಡಬೇಕು.

ಮಕ್ಕಳ ಪರವಾಗಿಯೂ ಒಂದು ಮಾತಿದೆ. ಗಾಜು ಸೀಳಿದ ದಿನ ಮೊದಲು ವಿಚಾರಣೆಗೊಳಗಾಗುವುದು ಚೆಂಡು ಹಿಡಿದವರೇ. ಬಿರುಕನ್ನು ಸ್ವಲ್ಪ ನೋಡಿ. ಪೆಟ್ಟು ಬಿದ್ದ ಗಾಜು ಪೆಟ್ಟಿನ ಜಾಗದಿಂದ ನಕ್ಷತ್ರದ ಹಾಗೆ ಒಡೆಯುತ್ತದೆ. ಬಿರುಕು ಅಂಚಿನಿಂದ ನೇರ ಲಂಬವಾಗಿ ಹೊರಟು ಆಮೇಲೆ ಹಾವಿನಂತೆ ಅಂಕುಡೊಂಕಾಗಿ ಹರಿದಿದ್ದರೆ ಅಪರಾಧಿ ಬಿಸಿಲು. ನಡುಭಾಗ ಕಾದು ಹಿಗ್ಗುತ್ತದೆ, ಚೌಕಟ್ಟಿನೊಳಗೆ ಅಡಗಿದ ಅಂಚು ತಣ್ಣಗೆ ಕೂತು ಅದನ್ನು ಹಿಡಿದೆಳೆಯುತ್ತದೆ. ಎರಡರ ನಡುವೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬಂದರೆ ಟಫನ್ ಮಾಡದ (ಕಾಯಿಸಿ ಗಟ್ಟಿಗೊಳಿಸದ) ಸಾದಾ ಗಾಜು ಕೈಚೆಲ್ಲುತ್ತದೆ. ಕಪ್ಪು ಫಿಲಂ ಅಂಟಿಸಿ, ದಪ್ಪ ಪರದೆ ಇಳಿಬಿಟ್ಟು, ಅದಕ್ಕೆ ಒತ್ತಿಕೊಂಡಂತೆ ಸೋಫಾ ಇಟ್ಟರೆ ಆ 40 ಡಿಗ್ರಿಯನ್ನು ನಾವೇ ಕೈಹಿಡಿದು ಕರೆತಂದ ಹಾಗೆ.

ಸದ್ದಿನದು ಇನ್ನೊಂದು ಕಥೆ. 4 ಮಿಲಿಮೀಟರಿನ ಎರಡು ಗಾಜು, ನಡುವೆ 12 ಮಿಲಿಮೀಟರ್ ಗಾಳಿ: ಈ ಜೋಡಿಯನ್ನು ನೋಡಿ “ಇನ್ನು ಗದ್ದಲವಿಲ್ಲ” ಎಂದುಕೊಳ್ಳುತ್ತೇವೆ. ಆದರೆ ನಡುವಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸಿ, 200–250 ಹರ್ಟ್ಸ್ ಆಸುಪಾಸಿನಲ್ಲಿ ಎರಡೂ ಗಾಜುಗಳು ತೂಗತೊಡಗಿ ಸದ್ದನ್ನು ಒಳಗೆ ದಾಟಿಸುತ್ತವೆ. ಅಷ್ಟು ತಗ್ಗಿನ ಸದ್ದು ಲಾರಿಯ ಹತ್ತಿರ ಬೇಕಾದಷ್ಟಿದೆ. ಇನ್ನು 3000 ಹರ್ಟ್ಸ್ ಸುತ್ತ 4 ಮಿಲಿಮೀಟರ್ ಗಾಜಿಗೆ ಹುಟ್ಟಾ ದೌರ್ಬಲ್ಯ, ಆ ಸದ್ದನ್ನು ಅದು ಸುಲಭವಾಗಿ ಒಳಬಿಡುತ್ತದೆ. ಎರಡೂ ಅದೇ ದಪ್ಪವಾದರೆ ಇಬ್ಬರು ಕಾವಲುಗಾರರೂ ಒಂದೇ ಹೊತ್ತಿಗೆ ತೂಕಡಿಸಿದಂತೆ. ಒಂದನ್ನು 6, ಇನ್ನೊಂದನ್ನು 10 ಮಿಲಿಮೀಟರ್ ಮಾಡಿ, ಸಾಧ್ಯವಾದರೆ ಒಂದನ್ನು ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ ಗಾಜು) ಹಾಕಿಸುವುದು ಜಾಣತನ. ಸಂದು ಮುಚ್ಚದೆ ಇದೆಲ್ಲ ಮಾಡುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ: ಕಿಟಕಿಯ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೂ, ಎಂಥ ಗಾಜು ಹಾಕಿದರೂ 20 ಡೆಸಿಬಲ್‌ಗಿಂತ ಹೆಚ್ಚು ತಡೆ ಸಿಗದು.

ಪಕ್ಷಪಾತದ ಪರಾಕಾಷ್ಠೆ ನೋಡಬೇಕೆಂದರೆ ಲಂಡನ್ನಿಗೆ ಹೋಗಬೇಕು. ಅಲ್ಲಿನ ‘ವಾಕಿ-ಟಾಕಿ’ ಕಟ್ಟಡದ ದಕ್ಷಿಣದ ಗಾಜಿನ ಮೈ ಒಳಬಾಗಿದೆ, ಶಾಲೆಯಲ್ಲಿ ಓದಿದ ನಿಮ್ನದರ್ಪಣದ ಹಾಗೆ. 2013ರ ಬೇಸಿಗೆಯ ಕೊನೆಯಲ್ಲಿ ಅದು ಊರಿಗೆಲ್ಲ ಹಂಚಬೇಕಾದ ಬಿಸಿಲನ್ನು ಒಂದೇ ಬೀದಿಗೆ ಸುರಿಯಿತು. ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಪ್ಲಾಸ್ಟಿಕ್ ಭಾಗಗಳು ಸೊಟ್ಟಗಾದವು, ಪತ್ರಕರ್ತರೊಬ್ಬರು ಫುಟ್‌ಪಾತಿನಲ್ಲೇ ಬಾಣಲೆಯಿಟ್ಟು ಮೊಟ್ಟೆ ಕರಿದರು. ವಾಸ್ತುಶಿಲ್ಪಿ ರಫಾಯೆಲ್ ವಿನ್ಯೋಲಿ. ಅವರದೇ ವಿನ್ಯಾಸದ ಲಾಸ್ ವೇಗಸ್‌ನ ವಿಡಾರಾ ಹೋಟೆಲ್ ಕೂಡ ಒಳಬಾಗಿದ್ದೇ; ಅದರ ಈಜುಕೊಳದ ಬಳಿ ಮಲಗಿದವರ ತಲೆ ಕಾದಿದ್ದು 2010ರಲ್ಲೇ ಸುದ್ದಿಯಾಗಿತ್ತು. 2014ರಲ್ಲಿ ಲಂಡನ್ನಿನ ಕಟ್ಟಡದ ಗಾಜಿನ ಮೇಲೆ ಸಾಲುಸಾಲಾಗಿ ಅಡ್ಡಪಟ್ಟಿ ಕೂರಿಸಿದರು. ಇಡೀ ಗಗನಚುಂಬಿಗೆ ಪರದೆ, ಅದೂ ಹೊರಗಡೆಯಿಂದ.